ಕೊಡಗಿನಲ್ಲಿ ಬ್ಲ್ಯಾಕ್ ಪೈನ್ ಬೋನ್ಸಾಯ್: ಬೀಜ ಯಾವಾಗ ಹಾಕಬೇಕು, ಬೇರು ಯಾವಾಗ ಕತ್ತರಿಸಬೇಕು?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದು ಕಾಫಿ ತೋಟ. ಜಪಾನೀಸ್ ಬ್ಲ್ಯಾಕ್ ಪೈನ್ ಬೋನ್ಸಾಯ್‌ ಅನ್ನು ಬೀಜದಿಂದಲೇ ಬೆಳೆಸಬೇಕು ಅಂತ ಆಸೆ. ಹೋದ ವರ್ಷ ಏಪ್ರಿಲ್‌ನಲ್ಲಿ ಬೀಜ ಹಾಕಿದೆ, ಚೆನ್ನಾಗಿ ಮೊಳೆತವು. ವಿಡಿಯೋದಲ್ಲಿ ನೋಡಿದಂತೆ ಜೂನ್‌ನಲ್ಲಿ ಬೇರು ಕತ್ತರಿಸಿ ಎಳೆ ಕಾಂಡವನ್ನು ಮತ್ತೆ ನೆಟ್ಟೆ. ನರ್ಸರಿಗೆ ಕಲಸಿಟ್ಟ ಮಣ್ಣನ್ನೇ ಹಾಕಿದ್ದೆ. ಜುಲೈ ಮುಗಿಯುವಷ್ಟರಲ್ಲಿ ಎಲ್ಲವೂ ಬುಡ ಕೊಳೆತು ಬಿದ್ದವು. ಕತ್ತರಿಸದೆ ಬಿಟ್ಟ ನಾಲ್ಕು ಸಸಿ ಮಾತ್ರ ಉಳಿದಿವೆ. ಅವಕ್ಕೂ ಜೋಡಿ ಸೂಜಿ ಎಲೆ ಇಲ್ಲ, ಬರೀ ಒಂಟಿ ಎಲೆ. ಬೀಜವೇ ಮೋಸದ್ದಾ? ಕತ್ತರಿಸುವುದು ನಿಜಕ್ಕೂ ಬೇಕಾ? ನಮ್ಮ ಮಳೆಯಲ್ಲಿ ಈ ಮರ ಬದುಕುತ್ತಾ?

ಉತ್ತರ: ಮೊದಲು ಉಳಿದಿರುವ ನಾಲ್ಕು ಸಸಿಯ ವಿಷಯ ಹೇಳಿಬಿಡುತ್ತೇನೆ, ಯಾಕಂದರೆ ಅವನ್ನು ನೀವು ಕಿತ್ತು ಎಸೆಯುವ ಯೋಚನೆಯಲ್ಲಿ ಇರಬಹುದು. ಎಸೆಯಬೇಡಿ. ಅವು ಸರಿಯಾಗೇ ಇವೆ. ಪೈನ್ ಮೊಳೆತಾಗ ಮೊದಲು ಸುತ್ತಲೂ ಹರಡಿಕೊಂಡ ಬೀಜದೆಲೆಗಳು ಬರುತ್ತವೆ. ಆಮೇಲೆ ನಡುವಿನಿಂದ ತೆಳ್ಳಗಿನ, ಸ್ವಲ್ಪ ನೀಲಿ ಛಾಯೆಯ ಒಂಟಿ ಎಲೆಗಳು ಬರುತ್ತವೆ. ಮೊದಲ ವರ್ಷ ಪೂರ್ತಿ ಇವೇ ಇದ್ದರೂ ಆಶ್ಚರ್ಯ ಇಲ್ಲ. ಎರಡೆರಡು ಎಲೆ ಒಂದೇ ಬುಡದಿಂದ ಹೊರಡುವ ನಿಜವಾದ ಸೂಜಿಗಳು ಸಾಮಾನ್ಯವಾಗಿ ಎರಡನೇ ವರ್ಷ ಕಾಣಿಸುತ್ತವೆ. ಬೀಜ ಅಸಲಿಯಾ ಅಂತ ತಿಳಿಯಬೇಕಾದರೆ ಮರ ಬಲಿಯುವ ತನಕ ಕಾಯಬೇಕು. ಆಗ ತುದಿಯ ಮೊಗ್ಗು ನೋಡಿ. ಬ್ಲ್ಯಾಕ್ ಪೈನ್ ಮೊಗ್ಗು ಬೆಳ್ಳಗೆ, ಬೆಳ್ಳಿ ಬಣ್ಣಕ್ಕೆ ಇರುತ್ತದೆ, ರೆಡ್ ಪೈನ್‌ದಾದರೆ ಕೆಂಪು ಕಂದು. ಎಲೆಯೂ ಗಟ್ಟಿ, ಅಂಗೈಗೆ ಒತ್ತಿದರೆ ಚುಚ್ಚುತ್ತದೆ.

ಈಗ ಕೊಳೆತವುಗಳ ವಿಷಯಕ್ಕೆ ಬರೋಣ. ನೀವು ಹೇಳಿದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ತಿಂಗಳು. ಏಪ್ರಿಲ್‌ನಲ್ಲಿ ಬಿತ್ತಿ ಜೂನ್‌ನಲ್ಲಿ ಕತ್ತರಿಸುವುದು ಜಪಾನಿನ ಲೆಕ್ಕ. ಅಲ್ಲಿ ವಸಂತದಲ್ಲಿ ಬಿತ್ತಿದರೆ ಸಸಿಗೆ ಮುಂದೆ ಬಿಸಿಲಿನ ಬೇಸಿಗೆ ಸಿಗುತ್ತದೆ. ಶಿಕೊಕು ದ್ವೀಪದ ತಕಾಮಾತ್ಸು ನಗರದಲ್ಲಿ ಕಿನಾಶಿ, ಕೊಕುಬುಂಜಿ ಅಂತ ಎರಡು ಪ್ರದೇಶಗಳಿವೆ. ಜಪಾನಿನ ಪೈನ್ ಬೋನ್ಸಾಯ್‌ನಲ್ಲಿ ಶೇಕಡಾ 80ರಷ್ಟು ಅಲ್ಲಿಂದಲೇ ಬರುತ್ತದೆ. ಅಲ್ಲಿನ ಮರಳು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ವರ್ಷವಿಡೀ ಬೀಳುವ ಮಳೆ ಸುಮಾರು 1,100 ಮಿಲಿಮೀಟರ್. ನಮ್ಮ ಮಡಿಕೇರಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಹತ್ತಿರ ಹತ್ತಿರ ಅಷ್ಟು ಸುರಿದುಬಿಡುವ ವರ್ಷಗಳಿವೆ. ಆ ಊರಿನ ತಿಂಗಳುಗಳನ್ನು ಹಾಗೇ ತಂದು ಇಲ್ಲಿ ಹಾಕಿದರೆ, ಬೇರೇ ಇಲ್ಲದ ಎಳೆ ಕಡ್ಡಿಯೊಂದು ಸರಿಯಾಗಿ ಕಕ್ಕಡದ (ಕೊಡಗಿನ ಆಷಾಢದ) ಮಳೆಗೆ, ಸೂರ್ಯನ ಮುಖವನ್ನೇ ಕಾಣದ ಆ ಮೋಡದ ದಿನಗಳಿಗೆ ಸಿಕ್ಕಿಕೊಳ್ಳುತ್ತದೆ, ಎಷ್ಟು ಚೆನ್ನಾಗಿ ಕತ್ತರಿಸಿದ್ದರೂ ಅದು ಉಳಿಯುವುದು ಕಷ್ಟ.

ನಿಮ್ಮ ಮನೆಯಲ್ಲೇ ಸರಿಯಾದ ಕ್ಯಾಲೆಂಡರ್ ಇದೆ. ಕಾಫಿ ಬೀಜವನ್ನು ಪಾತಿಗೆ ಹಾಕುವುದು ಡಿಸೆಂಬರ್, ಜನವರಿಯಲ್ಲಿ ಅಲ್ವಾ? ಬ್ಲ್ಯಾಕ್ ಪೈನ್ ಬೀಜವನ್ನೂ ಅದೇ ಹೊತ್ತಿಗೆ ಹಾಕಿ. ಡಿಸೆಂಬರ್ ಕೊನೆಗೆ ಬಿತ್ತಿದರೆ ಜನವರಿ ಮೂರನೇ ವಾರಕ್ಕೆ ಮೊಳಕೆ. ಫೆಬ್ರವರಿ ಕೊನೆ, ಮಾರ್ಚ್ ಮೊದಲಿಗೆ ಕತ್ತರಿಸುವ ಹದ. ಏಪ್ರಿಲ್ ಮಧ್ಯಕ್ಕೆ ಹೊಸ ಬೇರು. ಅಲ್ಲಿಂದ ಮುಂಗಾರಿನ ತನಕ ಆರು ವಾರ ಒಳ್ಳೆಯ ಬಿಸಿಲು ಸಿಗುತ್ತದೆ. ಆ ಆರು ವಾರದಲ್ಲಿ ಕಾಂಡ ಗಟ್ಟಿಯಾಗುತ್ತದೆ. ಗಟ್ಟಿಯಾದ ಸಸಿ ಮಳೆಗಾಲವನ್ನು ಸೂರಿನ ಕೆಳಗೆ ನಿಭಾಯಿಸುತ್ತದೆ. ಈ ಉತ್ತರದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ: ಜೂನ್ ಬರುವಷ್ಟರಲ್ಲಿ ಸಸಿ ತನ್ನ ಹೊಸ ಬೇರಿನ ಮೇಲೆ ನಿಂತಿರಬೇಕು.

ಎರಡನೇ ಕಾರಣ ಮಣ್ಣು. ಕಾಡುಮಣ್ಣು, ಕೊಟ್ಟಿಗೆ ಗೊಬ್ಬರ, ಮರಳು ಸೇರಿಸಿದ ನರ್ಸರಿ ಮಿಶ್ರಣ ಕಾಫಿಗೆ ಬಹಳ ಒಳ್ಳೆಯದು. ಪೈನ್‌ನ ಹಸಿ ಗಾಯಕ್ಕೆ ಅದು ವಿಷ ಇದ್ದ ಹಾಗೆ. ಕಾಫಿ ಪಾತಿಯಲ್ಲೂ ಬುಡ ಕೊಳೆಯುವ ರೋಗ ನೀವು ನೋಡಿರುತ್ತೀರಿ. ಮಣ್ಣಿನ ಮಟ್ಟದಲ್ಲಿ ಕಾಂಡ ಸಣ್ಣಗಾಗಿ, ಕಪ್ಪಾಗಿ, ಸಸಿ ಪಕ್ಕಕ್ಕೆ ಬಾಗಿ ಬೀಳುತ್ತದೆ. ಆ ಶಿಲೀಂಧ್ರಗಳು ಗೊಬ್ಬರ, ತೇವ ತುಂಬಿದ, ಗಾಳಿ ಆಡದ ಮಣ್ಣಿನಲ್ಲೇ ಬಲಿಯುವುದು. ಹಾಗಾಗಿ ಬಿತ್ತುವುದಕ್ಕೂ, ಕತ್ತರಿಸಿ ನೆಡುವುದಕ್ಕೂ ಮಣ್ಣು, ಗೊಬ್ಬರ ಎರಡೂ ಬೇಡ. ದಪ್ಪ ಮರಳನ್ನು ಜರಡಿ ಹಿಡಿದು, ಪುಡಿಯೆಲ್ಲ ಹೋಗುವ ತನಕ ತೊಳೆದು, ಅದಕ್ಕೆ ಅಷ್ಟೇ ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರವಾದ ಬಿಳಿ ಹರಳು) ಸೇರಿಸಿ. ಮೇಲೆ ಕುದಿಯುವ ನೀರು ಸುರಿದು ಆರಲು ಬಿಡಿ.

ಬೀಜದ ತಯಾರಿ ಸುಲಭ. ನವೆಂಬರ್ ಮಧ್ಯದಲ್ಲಿ ಬೀಜವನ್ನು ಒಂದು ದಿನ ನೀರಿನಲ್ಲಿ ನೆನೆಸಿ. ಮುಳುಗಿದವು ಗಟ್ಟಿ, ತೇಲುವುದರಲ್ಲಿ ಬಹುಪಾಲು ಜೊಳ್ಳು. ಮುಳುಗಿದ್ದನ್ನು ಒದ್ದೆ ಮರಳಿನ ಜೊತೆ ಜಿಪ್ ಕವರಿಗೆ ಹಾಕಿ ಫ್ರಿಜ್‌ನ ಕೆಳ ಅರೆಯಲ್ಲಿ ಐದಾರು ವಾರ ಇಡಿ. ಫ್ರೀಜರ್‌ನಲ್ಲಿ ಮಾತ್ರ ಬೇಡ. ಈ ಚಳಿ ಇಲ್ಲದೆಯೂ ಬ್ಲ್ಯಾಕ್ ಪೈನ್ ಮೊಳೆಯುತ್ತದೆ, ಆದರೆ ಇಟ್ಟರೆ ಎಲ್ಲವೂ ಒಟ್ಟಿಗೆ ಮೊಳೆಯುತ್ತವೆ, ಮುಂದೆ ಕತ್ತರಿಸುವಾಗ ಎಲ್ಲವೂ ಒಂದೇ ಹದಕ್ಕೆ ಸಿಗುತ್ತವೆ. ಬಿತ್ತುವಾಗ ಒಂದು ಸೆಂಟಿಮೀಟರ್ ಆಳ ಸಾಕು. ಮೇಲೆ ಸಣ್ಣ ಕಣ್ಣಿನ ಜಾಲರಿ ಮುಚ್ಚಿ, ಇಲ್ಲದಿದ್ದರೆ ಇಲಿ, ಹಕ್ಕಿ ಬಿಡುವುದಿಲ್ಲ. ಮೊಳಕೆಯ ತಲೆ ಮೇಲೆ ಬೀಜದ ಸಿಪ್ಪೆ ಟೋಪಿಯಂತೆ ಕೂತಿರುತ್ತದೆ. ಅದನ್ನು ಕೈಯಿಂದ ತೆಗೆಯಬೇಡಿ, ತಾನೇ ಬೀಳುತ್ತದೆ.

ಮೊಳಕೆ ಬಂದ ದಿನದಿಂದ ಬೆಳಕು ಜಾಸ್ತಿ ಬೇಕು. ಕಾಫಿ ಸಸಿಯ ಅಭ್ಯಾಸದಿಂದ ನಾವು ಎಲ್ಲವನ್ನೂ ನೆರಳಿಗೆ ಇಡುತ್ತೇವೆ. ಪೈನ್ ಬಿಸಿಲಿನ ಮರ, ಸಮುದ್ರದ ದಂಡೆಯಲ್ಲಿ ಉಪ್ಪುಗಾಳಿಗೆ ಎದೆಕೊಟ್ಟು ಬೆಳೆಯುವ ಮರ. ನೆರಳಿನಲ್ಲಿ ಇಟ್ಟರೆ ಕಾಂಡ ಉದ್ದಕ್ಕೆ, ಸಪ್ಪಗೆ ಬೆಳೆದು ಕತ್ತರಿಸಲು ಯೋಗ್ಯವೇ ಆಗುವುದಿಲ್ಲ. ಬೆಳಗಿನಿಂದ ಮಧ್ಯಾಹ್ನದ ತನಕ ನೇರ ಬಿಸಿಲು ಬೀಳಲಿ. ನೀರು ಬೆಳಿಗ್ಗೆ ಮಾತ್ರ ಹಾಕಿ.

ಇನ್ನು ಕತ್ತರಿಸುವುದು ಬೇಕಾ ಅನ್ನುವ ಪ್ರಶ್ನೆ. ಕಡ್ಡಾಯ ಅಲ್ಲ. ಆದರೆ ಯಾಕೆ ಮಾಡುತ್ತಾರೆ ಅಂತ ಗೊತ್ತಿದ್ದರೆ ನೀವೇ ತೀರ್ಮಾನ ಮಾಡಬಹುದು. ಪೈನ್ ಬೀಜ ಮೊದಲು ಬಿಡುವುದು ನೆಟ್ಟಗೆ ಕೆಳಗಿಳಿಯುವ ಒಂದು ತಾಯಿಬೇರು. ಕಾಫಿಯಲ್ಲಿ ನಮಗೆ ಬೇಕಾದದ್ದೂ ಅದೇ. ಚೀಲಕ್ಕೆ ಹಾಕುವಾಗ ತಾಯಿಬೇರು ಬಾಗಿದ ಸಸಿಯನ್ನು ಆರಿಸಿ ಬಿಸಾಡುತ್ತೇವೆ, ಯಾಕಂದರೆ ಆ ಗಿಡ ಮುಂದೆ ಸೊರಗುತ್ತದೆ. ಬೋನ್ಸಾಯ್‌ನಲ್ಲಿ ಬೇಕಾಗುವುದು ಇದಕ್ಕೆ ಪೂರ್ತಿ ಉಲ್ಟಾ. ಕುಂಡ ಆಳ ಇಲ್ಲ. ಬುಡದ ಸುತ್ತ ಎಲ್ಲ ದಿಕ್ಕಿಗೂ ಬೇರು ಸಮನಾಗಿ ಹರಡಿ, ಮರ ನೆಲವನ್ನು ಹಿಡಿದು ನಿಂತಂತೆ ಕಾಣಬೇಕು. ಇದನ್ನೇ ಬೋನ್ಸಾಯ್‌ನವರು ನೆಬಾರಿ ಅನ್ನುತ್ತಾರೆ. ತಾಯಿಬೇರನ್ನು ಸಸಿ ಎಳೆಯದಾಗಿರುವಾಗಲೇ ಕತ್ತರಿಸಿ ಬಿಟ್ಟರೆ ಕತ್ತರಿಸಿದ ವೃತ್ತದ ಸುತ್ತ ಮೂರು, ನಾಲ್ಕು, ಕೆಲವೊಮ್ಮೆ ಇನ್ನೂ ಜಾಸ್ತಿ ಬೇರು ಒಂದೇ ಮಟ್ಟದಲ್ಲಿ ಹೊರಡುತ್ತವೆ.

ಇನ್ನೊಂದು ಲಾಭ ಇದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಬೀಜದೆಲೆಗಳ ಕೆಳಗಿನ ಬೋಳು ಕಾಂಡದಲ್ಲಿ ಮುಂದೆ ಮೊಗ್ಗು ಬರುವುದಿಲ್ಲ. ಮರದ ಮೊದಲ ಕೊಂಬೆ ಬೀಜದೆಲೆಯ ಮಟ್ಟದಿಂದ ಮೇಲೆಯೇ ಬರಬೇಕು. ಆ ಬೋಳು ಭಾಗ ಐದು ಸೆಂಟಿಮೀಟರ್ ಇದ್ದರೆ, ಅಂಗೈ ಮೇಲೆ ಇಡುವಂಥ ಚಿಕ್ಕ ಮರಕ್ಕೆ ಅದು ದೊಡ್ಡ ಕೊರತೆ. ಕತ್ತರಿಸುವುದರಿಂದ ಅದು ಎರಡು ಸೆಂಟಿಮೀಟರಿಗೆ ಇಳಿಯುತ್ತದೆ, ಅದರಲ್ಲೂ ಅರ್ಧ ಮರಳಿನೊಳಗೆ. ನನ್ನನ್ನು ಕೇಳಿದರೆ ಚಿಕ್ಕ ಬೋನ್ಸಾಯ್ ಮಾಡುವವರು ಕತ್ತರಿಸುವುದೇ ಒಳ್ಳೆಯದು. ಎರಡಡಿ ಮರ ಬೇಕು ಅನ್ನುವವರು ಕತ್ತರಿಸದೆ, ಒಂದು ವರ್ಷದ ಬಳಿಕ ಮರುನೆಡುವಾಗ ತಾಯಿಬೇರನ್ನು ಗಿಡ್ಡ ಮಾಡಿದರೂ ಚೆನ್ನಾದ ಬುಡ ಸಿಗುತ್ತದೆ. ನಿಮ್ಮ ನಾಲ್ಕು ಸಸಿಗೆ ಈ ದಾರಿ ಇನ್ನೂ ತೆರೆದೇ ಇದೆ.

ಕತ್ತರಿಸುವ ಹದವನ್ನು ದಿನ ಎಣಿಸಿ ನೋಡಬೇಡಿ, ಕಣ್ಣಿಟ್ಟು ನೋಡಿ. ಹಸಿರಾಗಿದ್ದ ಕಾಂಡ ಬುಡದಿಂದ ಮೇಲಕ್ಕೆ ಕೆಂಪು ನೇರಳೆಗೆ ತಿರುಗಿರಬೇಕು. ದಪ್ಪ ಬೆಂಕಿಕಡ್ಡಿಯಷ್ಟು. ಬೀಜದೆಲೆ ಪೂರ್ತಿ ಬಿಚ್ಚಿ, ನಡುವೆ ಮೊದಲ ಎಲೆಗಳು ಈಗಷ್ಟೇ ಇಣುಕುತ್ತಿರಬೇಕು. ಸಾಮಾನ್ಯವಾಗಿ ಮೊಳೆತ ಐದಾರು ವಾರಕ್ಕೆ ಇದು ಬರುತ್ತದೆ. ಇದಕ್ಕಿಂತ ಎಳೆಯದಾದರೆ ಕೊಳೆಯುತ್ತದೆ, ತಡವಾದರೆ ಕಾಂಡ ಕಟ್ಟಿಗೆಯಾಗುತ್ತಾ ಹೋಗಿ ಬೇರು ಬಿಡುವ ಶಕ್ತಿ ಕಡಿಮೆಯಾಗುತ್ತದೆ. ಬಲಿತ ಪೈನ್ ಕೊಂಬೆ ನೆಟ್ಟರೆ ಬೇರು ಬರುವುದು ಬಹಳ ಅಪರೂಪ, ಈ ಎಳೆ ವಯಸ್ಸಿನಲ್ಲಿ ಮಾತ್ರ ಅದು ಅಷ್ಟು ಸಲೀಸು.

ಹಿಂದಿನ ಸಂಜೆ ಪಾತಿಗೆ ಚೆನ್ನಾಗಿ ನೀರು ಹಾಕಿ. ಬೆಳಿಗ್ಗೆ, ಬಿಸಿಲೇರುವ ಮುಂಚೆ ಕೆಲಸ ಮುಗಿಸಿ. ಹೊಸ ಬ್ಲೇಡ್ ಬೇಕು. ಹತ್ತು ಸಸಿಗೊಂದು ಸಲ ಬ್ಲೇಡ್ ಬದಲಿಸಿ, ನಡುನಡುವೆ ಸ್ಪಿರಿಟ್‌ನಲ್ಲಿ ಒರೆಸಿ. ಕತ್ತರಿ ಬಳಸಬೇಡಿ, ಅದು ಎಳೆ ಕಾಂಡವನ್ನು ಹಿಚುಕುತ್ತದೆ. ಬೀಜದೆಲೆಯಿಂದ ಸುಮಾರು ಎರಡು ಸೆಂಟಿಮೀಟರ್ ಕೆಳಗೆ, ಓರೆಯಾಗಿ ಅಲ್ಲ, ನೇರ ಅಡ್ಡಕ್ಕೆ ಒಂದೇ ಏಟಿಗೆ ಕತ್ತರಿಸಿ. ಗುಲಾಬಿ ಕಡ್ಡಿಯ ಹಾಗೆ ಓರೆ ಕತ್ತರಿಸಿದರೆ ಬೇರು ಒಂದೇ ಪಕ್ಕಕ್ಕೆ ಬರುವ ಸಾಧ್ಯತೆ ಹೆಚ್ಚು, ಆಗ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ಕತ್ತರಿಸಿದ ತುದಿಗೆ ಐಬಿಎ ಪುಡಿ (ಬೇರು ಬರಿಸುವ ಹಾರ್ಮೋನ್) ಮುಟ್ಟಿಸಿ, ಜಾಸ್ತಿ ಅಂಟಿದ್ದನ್ನು ತಟ್ಟಿ ಉದುರಿಸಿ. ಕಾಳುಮೆಣಸಿನ ಬಳ್ಳಿ ನೆಡಲು ಮೆದು ಕಡ್ಡಿಗೆ ಸಿಗುವ ಕಡಿಮೆ ಬಲದ ಪುಡಿ ಸಾಕು, ಗಟ್ಟಿ ಕಡ್ಡಿಯ ಪುಡಿ ಎಳೆ ಕಾಂಡವನ್ನು ಸುಡಬಹುದು.

ನೆಡುವುದು ಒಂದೊಂದೇ ಕಪ್ಪಿನಲ್ಲಿ. ತಳಕ್ಕೆ ನಾಲ್ಕೈದು ತೂತು ಮಾಡಿದ ಸಣ್ಣ ಪ್ಲಾಸ್ಟಿಕ್ ಕಪ್ ಆದರೆ ಸಾಕು. ಒಂದೇ ತಟ್ಟೆಯಲ್ಲಿ ಸಾಲಾಗಿ ನೆಟ್ಟರೆ ಒಂದು ಕೊಳೆತಾಗ ಪಕ್ಕದ್ದಕ್ಕೂ ಹರಡುತ್ತದೆ, ಆಮೇಲೆ ಬಿಡಿಸುವಾಗ ಎಳೆ ಬೇರು ಹರಿಯುತ್ತದೆ. ಮೊದಲು ಕಡ್ಡಿಯಿಂದ ಗುಂಡಿ ಮಾಡಿ, ಕಾಂಡವನ್ನು ಒಂದು ಸೆಂಟಿಮೀಟರ್ ಇಳಿಸಿ, ಮರಳು ಮೆಲ್ಲಗೆ ಒತ್ತಿ. ನೀರಿನ ಬಾಟಲಿಯನ್ನು ಅಡ್ಡ ಕತ್ತರಿಸಿ, ಮುಚ್ಚಳ ತೆಗೆದು ಮೇಲೆ ಮಗುಚಿದರೆ ಒಳಗೆ ತೇವ ಇರುತ್ತದೆ, ಗಾಳಿಯೂ ಆಡುತ್ತದೆ. ಬೆಳಕು ಇರಲಿ, ನೇರ ಬಿಸಿಲು ಬೇಡ, ಜಗಲಿಯ ಪೂರ್ವದ ಅಂಚು ಚೆನ್ನ. ಬುಡ ಕೊಳೆ ಬಾರದಂತೆ ನೆಟ್ಟ ದಿನ ಒಮ್ಮೆ ಲೀಟರಿಗೆ ಎರಡು ಗ್ರಾಂ ಕ್ಯಾಪ್ಟಾನ್ ಶಿಲೀಂಧ್ರನಾಶಕ ಕಲಸಿದ ನೀರು ಹಾಕಿ. ತೋಟದಲ್ಲಿ ಮಾಡಿಟ್ಟ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ್ದು) ಈ ವಯಸ್ಸಿಗೆ ಬೇಡ.

ಆಮೇಲೆ ನಾಲ್ಕರಿಂದ ಆರು ವಾರ ಮುಟ್ಟಬೇಡಿ. ಬೇರು ಬಂತಾ ಅಂತ ಎಳೆದು ನೋಡುವುದರಿಂದಲೇ ಎಷ್ಟೋ ಸಸಿ ಸಾಯುತ್ತವೆ. ನಡುವಿನ ಎಲೆಗಳು ಬೆಳೆಯಲು ಶುರುವಾದರೆ ಕೆಳಗೆ ಬೇರು ಬಂದಿದೆ ಅಂತ ಅರ್ಥ. ಆಗ ಬಾಟಲಿಯನ್ನು ದಿನಕ್ಕೆ ಸ್ವಲ್ಪ ಹೊತ್ತು ಎತ್ತಿಡುತ್ತಾ, ಒಂದು ವಾರದಲ್ಲಿ ಪೂರ್ತಿ ತೆಗೆಯಿರಿ. ಕಾಫಿ ಹೂವು ಅರಳಿಸುವ ಹೂಮಳೆ ಇದೇ ಸಮಯಕ್ಕೆ ಬರುತ್ತದೆ. ಕಾಫಿಗೆ ಅದು ಎಷ್ಟು ಬೇಕೋ ಈ ಕಪ್ಪುಗಳಿಗೆ ಅಷ್ಟೇ ಬೇಡ, ಸಂಜೆ ಮೋಡ ಕಂಡರೆ ಒಳಗಿಡಿ. ಏಪ್ರಿಲ್ ಹೊತ್ತಿಗೆ ರೊಬಸ್ಟಾ ಒಣಗಿಸಿ ಮುಗಿದು ಕಣ ಖಾಲಿಯಾಗಿರುತ್ತದೆ ಅಲ್ವಾ, ತೋಟದಲ್ಲಿ ಅದಕ್ಕಿಂತ ಬಿಸಿಲಿರುವ ಜಾಗ ಇಲ್ಲ. ಸಸಿಗಳನ್ನು ಮೆಲ್ಲಗೆ ಬಿಸಿಲಿಗೆ ಹೊಂದಿಸಿ ಅಲ್ಲೇ ಅಂಚಿಗೆ ಸಾಲಾಗಿ ಇಡಿ.

ಈ ಹಂತದಲ್ಲಿ ಒಂದು ಹಿಡಿ ಪೈನ್ ಕಾಡಿನ ಮಣ್ಣು ಸಿಕ್ಕಿದರೆ ಬಹಳ ಉಪಕಾರ. ಪೈನ್ ಬೇರಿಗೆ ಅಂಟಿಕೊಂಡು ಬದುಕುವ ಒಂದು ಬಗೆಯ ಬಿಳಿ ಶಿಲೀಂಧ್ರ ಇದೆ. ಅದು ಬೇರಿಗೆ ನೀರು, ರಂಜಕ ಒದಗಿಸುತ್ತದೆ, ಬದಲಿಗೆ ಮರದಿಂದ ಸಕ್ಕರೆ ಪಡೆಯುತ್ತದೆ. ಕಾಫಿ ತೋಟದ ಮಣ್ಣಿನಲ್ಲಿರುವುದು ಬೇರೆ ಜಾತಿಯದು, ಅದು ಪೈನ್‌ಗೆ ಒದಗುವುದಿಲ್ಲ. ಆರೋಗ್ಯವಾಗಿರುವ ಯಾವುದೇ ಪೈನ್ ಮರದ ಬುಡದ ಮಣ್ಣು ಆಗುತ್ತದೆ. ಪ್ರತಿ ಕಪ್ಪಿಗೆ ಒಂದು ಚಿಟಿಕೆ ಮೇಲೆ ಉದುರಿಸಿದರೆ ಸಾಕು. ಬೇರು ಬರುವ ಮುಂಚೆ ಮಾತ್ರ ಹಾಕಬೇಡಿ. ಮುಂದೆ ಕುಂಡ ಬದಲಿಸುವಾಗ ಬೇರಿನ ಸುತ್ತ ಬೆಳ್ಳಗೆ ಬಲೆಯಂತೆ ಕಂಡರೆ ರೋಗ ಅಂದುಕೊಂಡು ತೊಳೆಯಬೇಡಿ, ನಿಮಗೆ ಬೇಕಾದದ್ದು ಅದೇ.

ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೇಲೆ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟ್ ಅಥವಾ ಯುವಿ ಪ್ಲಾಸ್ಟಿಕ್ ಬೇಕೇ ಬೇಕು, ಬದಿಗಳು ಪೂರ್ತಿ ತೆರೆದಿರಬೇಕು. ನಾಲ್ಕೂ ಕಡೆ ಮುಚ್ಚಿದರೆ ಒಳಗೆ ಬೂಷ್ಟು ಬರುತ್ತದೆ. ಹಸಿರು ಬಲೆ ಹಾಕಬೇಡಿ, ಇರುವ ಬೆಳಕೂ ಹೋಗುತ್ತದೆ. ಕಪ್ಪುಗಳನ್ನು ನೆಲದಲ್ಲಿ ಇಡದೆ ಬಿದಿರಿನ ಅಟ್ಟಣಿಗೆ ಮೇಲಿಡಿ. ಹಿಂಡಿ, ಗೊಬ್ಬರ ಯಾವುದೂ ಬೇಡ, ಬೆಳಕಿಲ್ಲದಾಗ ತಿನ್ನಿಸಿದರೆ ಮೆದುವಾದ ಬೆಳವಣಿಗೆ ಬಂದು ಅದಕ್ಕೇ ರೋಗ ಹಿಡಿಯುತ್ತದೆ. ನೀರು ಕೂಡ ಮೇಲಿನ ಮರಳು ಆರಿದಾಗ ಮಾತ್ರ. ಎರಡನೇ ವರ್ಷದಿಂದ, ಎಲೆ ಬಲಿತ ಮೇಲೆ, ಮುಂಗಾರಿಗೆ ಮೊದಲು ಕಾಫಿಗೆ ಹೊಡೆಯುವ ಶೇ. 0.5ರ ಬೋರ್ಡೋವನ್ನೇ ಪೈನ್‌ಗೂ ಒಂದು ಸಲ ಹೊಡೆಯಬಹುದು. ಸೂಜಿ ಎಲೆಯಲ್ಲಿ ಕಂದು ಪಟ್ಟೆ ಬಂದು ಒಣಗುವ ರೋಗವನ್ನು ತಾಮ್ರ ಚೆನ್ನಾಗಿ ತಡೆಯುತ್ತದೆ. ಕುಶಾಲನಗರದ ಕಡೆಯವರಿಗೆ ಮಳೆ ಕಡಿಮೆ, ಅವರಿಗೆ ಇಷ್ಟು ತಾಪತ್ರಯ ಇಲ್ಲ. ಭಾಗಮಂಡಲ, ನಾಪೋಕ್ಲು ಕಡೆಯವರು ಮಾತ್ರ ಸೂರು ಕಟ್ಟುವ ಮುಂಚೆ ಬೀಜಕ್ಕೆ ದುಡ್ಡು ಹಾಕಬೇಡಿ.

ಅಕ್ಟೋಬರ್‌ನಲ್ಲಿ ಬಿಸಿಲು ಬಂದ ಮೇಲೆ ಕಡಲೆ ಹಿಂಡಿ, ಬೇವಿನ ಹಿಂಡಿ ಚೂರು ಚೂರೇ ಕೊಡಿ. ಆಮೇಲೆ ಜನವರಿಯಲ್ಲಿ, ಮೊಗ್ಗು ಉದ್ದವಾಗುವ ಮುಂಚೆ, ದೊಡ್ಡ ಪಾತ್ರೆಗೆ ಬದಲಿಸಿ. ಇಲ್ಲಿ ನನ್ನ ಆಯ್ಕೆ ಅಕ್ಕಿ ತೊಳೆಯುವ ಪ್ಲಾಸ್ಟಿಕ್ ಜರಡಿ ಬುಟ್ಟಿ. ಎಲ್ಲ ಕಡೆಯಿಂದ ನೀರು ಬಸಿಯುತ್ತದೆ. ಬೇರು ತೂತಿನ ತನಕ ಬಂದು ಗಾಳಿಗೆ ತುದಿ ಒಣಗಿ, ಹಿಂದೆ ಕವಲೊಡೆಯುತ್ತದೆ, ಸುತ್ತಿಕೊಳ್ಳುವುದಿಲ್ಲ. ಜಪಾನಿನ ಅಕಡಾಮಾ ಮಣ್ಣು ತರಿಸಲು ಹೋಗಬೇಡಿ. ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಇದ್ದಿಲು, ಮೂರನ್ನೂ ಎರಡರಿಂದ ಐದು ಮಿಲಿಮೀಟರ್ ಗಾತ್ರಕ್ಕೆ ಜರಡಿ ಹಿಡಿದರೆ ಆಯಿತು. ಪುಡಿ ಉಳಿಯಬಾರದು, ಅಷ್ಟೇ.

ತಂತಿ ಸುತ್ತಿ ಬಾಗಿಸುವುದೂ ಅದೇ ತಂಪು ತಿಂಗಳುಗಳಲ್ಲಿ, ಎರಡನೇ ವರ್ಷಕ್ಕೆ. ಆಗ ಕಾಂಡ ಪೆನ್ಸಿಲ್‌ಗಿಂತ ಸಣ್ಣ, ಬೇಕಾದ ಹಾಗೆ ಬಾಗುತ್ತದೆ. ಬುಡದ ಹತ್ತಿರದ ಬಾಗು ಈಗ ಮಾಡದಿದ್ದರೆ ಮುಂದೆ ಮಾಡಲಾಗದು. ಏಪ್ರಿಲ್, ಮೇನಲ್ಲಿ ಕಾಂಡ ಬೇಗ ದಪ್ಪವಾಗಿ ತಂತಿ ಒಳಗೆ ಕಚ್ಚುತ್ತದೆ, ವಾರಕ್ಕೊಮ್ಮೆ ನೋಡಿ. ಕೊಂಬೆ ಕತ್ತರಿಸುವಾಗ ಪ್ರತಿ ಕೊಂಬೆಯಲ್ಲೂ ಒಂದಷ್ಟು ಹಸಿರು ಸೂಜಿ ಉಳಿಸಿ. ಮರಗಸಿ ಮಾಡಿದ (ನೆರಳು ತಗ್ಗಿಸಲು ಕೊಂಬೆ ಕಡಿದ) ಸಿಲ್ವರ್ ಓಕ್ ಚಿಗುರಿದ ಹಾಗೆ ಬೋಳು ಪೈನ್ ಕೊಂಬೆ ಚಿಗುರುವುದಿಲ್ಲ. ಚಿಗುರು ಮುರಿದು ಸೂಜಿಯನ್ನು ಗಿಡ್ಡ ಮಾಡುವ ಕೆಲಸ ವಿಡಿಯೋಗಳಲ್ಲಿ ಜಾಸ್ತಿ ಕಾಣುತ್ತದೆ. ಅದು ಕಾಂಡ ದಪ್ಪವಾಗಿ ಆಕಾರ ಬಂದ ಮೇಲಿನ ಕೆಲಸ, ಈಗ ಮಾಡಿದರೆ ಬೆಳವಣಿಗೆ ನಿಲ್ಲುತ್ತದೆ ಅಷ್ಟೇ.

ಚಳಿ ಸಾಲದು ಅನ್ನುವ ಭಯ ಬೇಡ. ಮಡಿಕೇರಿ, ಸೋಮವಾರಪೇಟೆಯ ಎತ್ತರದಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಮರದ ವೇಗ ಕಡಿಮೆ ಮಾಡುತ್ತವೆ. ತೈವಾನ್‌ನ ಬಿಸಿಯಲ್ಲೇ ಬ್ಲ್ಯಾಕ್ ಪೈನ್ ಅನ್ನು ಅದ್ಭುತವಾಗಿ ಬೆಳೆಸುತ್ತಾರೆ. ಸರಿಯಾದ ಚಿಕ್ಕ ಬೋನ್ಸಾಯ್ ಅನ್ನಿಸಲು ಏಳೆಂಟು ವರ್ಷ ಬೇಕು, ದೊಡ್ಡದಕ್ಕೆ ಹದಿನೈದಕ್ಕೂ ಮೇಲೆ. ನಡುವೆ ಕಣ್ಣು ಪಳಗಲು ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಬೋನ್ಸಾಯ್ ತೋಟ ನೋಡಿ ಬನ್ನಿ, ಬೆಂಗಳೂರಿಗೆ ಹೋದರೆ ಲಾಲ್‌ಬಾಗ್‌ನಲ್ಲೂ ಇದೆ. ಯಾವ ಜಾತಿಯ ಮರವಾದರೂ ಸರಿ, ಮೊದಲು ಬುಡ ನೋಡಿ, ಬೇರು ಎಲ್ಲಿಂದ ಹೇಗೆ ಹೊರಟಿದೆ ಅಂತ.

ಈ ಸಲ ಬೀಜ ಕೊಳ್ಳುವಾಗ ದೇಶದೊಳಗಿನ ನಂಬಿಕೆಯ ನರ್ಸರಿಯಿಂದಲೇ ತೆಗೆದುಕೊಳ್ಳಿ. ಹೊರದೇಶದಿಂದ ಅಂಚೆಯಲ್ಲಿ ಸುಮ್ನೆ ತರಿಸುವಂತಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಐವತ್ತು ಬೀಜ ಹಾಕಿ. ಹೊಸ ಬೀಜವಾದರೆ ಮೂವತ್ತಾದರೂ ಮೊಳೆಯಬೇಕು. ಅದರಲ್ಲಿ ದಪ್ಪ ಕಾಂಡದ ಇಪ್ಪತ್ತನ್ನು ಕತ್ತರಿಸಿ, ಉಳಿದದ್ದನ್ನು ಹಾಗೇ ಬೆಳೆಯಲು ಬಿಡಿ. ಕತ್ತರಿಸಿದ್ದರಲ್ಲಿ ಅರ್ಧ ಬೇರು ಬಿಟ್ಟರೂ ಮೊದಲ ಸಲಕ್ಕೆ ಅದು ಒಳ್ಳೆಯ ಫಲಿತಾಂಶ. ನಾಲ್ಕು ಹಳೆಯ ಸಸಿಗಳನ್ನು ಈಗ ಅಲುಗಾಡಿಸಬೇಡಿ, ಬರುವ ಜನವರಿಯಲ್ಲಿ ಬುಟ್ಟಿಗೆ ಬದಲಿಸುವಾಗ ತಾಯಿಬೇರನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ಪಕ್ಕದ ಸಣ್ಣ ಬೇರುಗಳನ್ನು ಸುತ್ತಲೂ ಬಿಡಿಸಿ ನೆಡಿ.